ಸಾವಿನ ಕಂತು, ಊರಿನ ನೆನಪು

ಪ್ರಾಹಾ

ಟೆಕ್ಸಾಸ್‌ನ ಫಯೆಟ್ ಕೌಂಟಿಯಲ್ಲಿ ಪ್ರಾಹಾ ಎಂಬ ಹಳ್ಳಿಯಿದೆ. ನಾವು ಪ್ರಾಗ್ ಎನ್ನುವ ರಾಜಧಾನಿಯನ್ನು ಚೆಕ್ ಜನ ಕರೆಯುವುದೂ ಇದೇ ಹೆಸರಿನಿಂದ. ಹಳ್ಳಿಯಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಮನೆಗಳು. ಆದರೆ 1895ರಲ್ಲಿ ಕಟ್ಟಿದ ಚರ್ಚಿನ ಒಳಚಾವಣಿಯಲ್ಲಿ ಬಳ್ಳಿ, ಹೂವು, ದೇವದೂತರ ಚಿತ್ರಗಳು ಇಂದಿಗೂ ಉಳಿದಿವೆ. ಪ್ರತಿವರ್ಷ ಆಗಸ್ಟ್ 15ರ ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಾರೆ.

ಇವರಲ್ಲಿ ಎಷ್ಟೋ ಮಂದಿ ನಿಜವಾದ ಪ್ರಾಗ್ ಕಂಡವರಲ್ಲ. ಇವರ ಮುತ್ತಜ್ಜಂದಿರೂ ಕಂಡಿರಲಿಕ್ಕಿಲ್ಲ. ಟೆಕ್ಸಾಸ್‌ಗೆ ಬಂದ ಚೆಕ್ಕರಲ್ಲಿ ಹೆಚ್ಚಿನವರು ಪೂರ್ವಭಾಗದ ಮೊರಾವಿಯಾದ ಹಳ್ಳಿಗಾಡಿನ ರೈತರು. ಆ ಕಾಲದಲ್ಲಿ ಅವರಿಗೆ ರಾಜಧಾನಿ ಬಲು ದೂರ. ಕಾಣದ ನಗರದ ಹೆಸರನ್ನು ಜೋಳ, ಹತ್ತಿ ಬೆಳೆಯುವ ಹೊಲಗಳ ನಡುವೆ ಇಟ್ಟುಕೊಂಡು ನಾಲ್ಕೈದು ತಲೆಮಾರು ಕಾಪಾಡಿದ್ದಾರೆ. ಈ ಪ್ರೀತಿ ಯಾವುದರ ಮೇಲಿನದು?

ತೊರೆದ ನಾಡು

ಆ ನಾಡು ಅವರಿಗೆ ಕೊಟ್ಟದ್ದಾದರೂ ಏನು? 1848ರಲ್ಲಿ ಜಮೀನ್ದಾರರ ಬಿಟ್ಟಿ ದುಡಿಮೆ ರದ್ದಾಯಿತು ನಿಜ, ಆದರೆ ಪಾಲಾಗಿ ಪಾಲಾಗಿ ಕಿರಿದಾದ ಹೊಲ ಹೊಟ್ಟೆ ತುಂಬಿಸಲಿಲ್ಲ. ಗಂಡುಮಕ್ಕಳನ್ನು ಆಸ್ಟ್ರಿಯಾದ ಸೇನೆ ಸೆಳೆದುಕೊಳ್ಳುತ್ತಿತ್ತು. ಅಂಥ ಹೊತ್ತಿನಲ್ಲಿ ಟೆಕ್ಸಾಸ್‌ನ ಕ್ಯಾಟ್ ಸ್ಪ್ರಿಂಗ್‌ನಲ್ಲಿ ನೆಲೆಸಿದ್ದ ಪಾದ್ರಿ ಯೋಸೆಫ್ ಅರ್ನೋಶ್ಟ್ ಬೆರ್ಗ್‌ಮನ್ ಬರೆದ ಪತ್ರಗಳು ಊರಿನಲ್ಲಿ ಕೈಯಿಂದ ಕೈಗೆ ಓಡಾಡಿದವು. 1851ರಲ್ಲಿ ಹೊರಟ ಮೊದಲ ದೊಡ್ಡ ತಂಡದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ದಾರಿಯ ಕಷ್ಟಕ್ಕೆ, ರೋಗಕ್ಕೆ ಬಲಿಯಾದರು. ಎರಡೇ ವರ್ಷದಲ್ಲಿ ಇನ್ನೊಂದು ತಂಡ ಹಡಗು ಹತ್ತಿತು.

ಅವರು ತೊರೆದ ದೇಶದ ಹೆಸರು ಆಸ್ಟ್ರಿಯಾ. ಮುಂದೆ ಅಲ್ಲಿ 1918ರಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿತು, 1993ರಲ್ಲಿ ಅದು ಎರಡಾಯಿತು. ಮೊಮ್ಮಕ್ಕಳು ಹೆಮ್ಮೆಯಿಂದ ಹೇಳಿಕೊಳ್ಳುವ ರಾಷ್ಟ್ರದಲ್ಲಿ ಅವರ ಅಜ್ಜಂದಿರು ಒಂದು ದಿನವೂ ಬಾಳಿರಲಿಲ್ಲ. ಹಾಗಾದರೆ ಇದು ದೇಶಪ್ರೇಮವಲ್ಲ, ಬೇರೇನೋ.

ಸ್ಪಿಲ್‌ವಿಲ್, 1893

ಚೆಕ್ ಸಂಗೀತಗಾರ ಆಂತೊನಿನ್ ದ್ವೊರ್ಝಾಕ್ ನ್ಯೂಯಾರ್ಕಿನ ಸಂಗೀತ ವಿದ್ಯಾಲಯದ ನಿರ್ದೇಶಕನಾಗಿದ್ದ. ವರ್ಷಕ್ಕೆ 15,000 ಡಾಲರ್ ಸಂಬಳ. 1893ರ ಬೇಸಿಗೆ ರಜೆಗೆ ಅವನು ತಾಯ್ನಾಡಿಗೆ ಹೋಗಲಿಲ್ಲ. ಅಲ್ಲಿದ್ದ ಮಕ್ಕಳನ್ನೇ ಅಮೆರಿಕಕ್ಕೆ ಕರೆಸಿಕೊಂಡು, ಐಯೊವಾ ರಾಜ್ಯದ ಸ್ಪಿಲ್‌ವಿಲ್ ಎಂಬ ಚೆಕ್ ಹಳ್ಳಿಗೆ ಹೊರಟ. ಅಲ್ಲಿ ಹೊಳೆಯ ದಂಡೆಯ ಮೇಲೆ ಬೆಳಗಿನ ತಿರುಗಾಟ, ಸಂತ ವೆನ್ಸೆಸ್ಲಾಸ್ ಚರ್ಚಿನಲ್ಲಿ ಆರ್ಗನ್ ವಾದನ, ತನ್ನ ಭಾಷೆಯ ಮುದುಕರೊಂದಿಗೆ ಹರಟೆ. ಬಂದು ಮೂರು ವಾರ ತುಂಬುವ ಮೊದಲೇ ‘ಅಮೆರಿಕನ್’ ಎಂದು ಪ್ರಸಿದ್ಧವಾದ ತಂತಿವಾದ್ಯ ಚತುಷ್ಕವನ್ನು ಬರೆದು ಮುಗಿಸಿದ.

ನನ್ನನ್ನು ಹಿಡಿದು ನಿಲ್ಲಿಸುವುದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವನು ಗೆಳೆಯನಿಗೆ ಬರೆದ ಪತ್ರ. ಪ್ರೇರಿಯ ಬಯಲನ್ನು ಅವನು ಸಹಾರಾ ಎಂದು ಕರೆದಿದ್ದಾನೆ. ನೆರೆಯವನ ಮನೆಯೆಂದರೆ ಮೈಲಿಗಳಾಚೆ. ಕಣ್ಣು ಹಾಯುವಷ್ಟೂ ಹೊಲ, ಹುಲ್ಲು. ಕೆಲವೊಮ್ಮೆ ಕಂಗೆಡಿಸುವಷ್ಟು ದುಃಖ ಇಲ್ಲಿದೆ ಎಂಬುದು ಅವನ ಮಾತಿನ ಸಾರ. ಅವನ ತಾಯ್ನಾಡು ಬೊಹೆಮಿಯಾದ ಹಳ್ಳಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತಿತ್ತು. ಅಮೆರಿಕದ ಜಮೀನು ಕಾಯಿದೆಯಲ್ಲಿ ಪ್ರತಿಯೊಬ್ಬ ರೈತನೂ ತನ್ನ ನೂರರವತ್ತು ಎಕರೆಯ ನಡುವೆ ಒಂಟಿ. ದ್ವೊರ್ಝಾಕ್ 1895ರಲ್ಲಿ ಊರಿಗೆ ಮರಳಿದ. ಮರಳಲಾಗದವರು ಕಳೆದುಕೊಂಡದ್ದು ರಾಜ್ಯವನ್ನಲ್ಲ, ನೆರೆಮನೆಯನ್ನು ಎಂದು ಈ ಪತ್ರದಿಂದ ನನಗೆ ಮೊದಲ ಬಾರಿಗೆ ಹೊಳೆಯಿತು.

ಯಾರು ಹೂಳುತ್ತಾರೆ?

ನೆರೆಯವರಿಲ್ಲದ ಕಡೆ ಸತ್ತರೆ? ವಿಲಾ ಕ್ಯಾಥರ್ 1918ರಲ್ಲಿ ಪ್ರಕಟಿಸಿದ ‘ಮೈ ಆಂಟೋನಿಯಾ’ ಕಾದಂಬರಿಯಲ್ಲಿ ನೆಬ್ರಾಸ್ಕಾಗೆ ಬಂದ ಚೆಕ್ ಪಿಟೀಲುಗಾರ ಶಿಮೆರ್ದಾ ಮನೆಗೀಳಿನಿಂದ ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುತ್ತಾನೆ. ಅವನನ್ನು ಮಸಣದಲ್ಲಿ ಹೂಳಲು ಒಪ್ಪಿಗೆ ಸಿಗುವುದಿಲ್ಲ. ಆಂಟೋನಿಯಾಳಿಗೆ ಮಾದರಿಯಾದ ಹೆಂಗಸಿನ ತಂದೆ ನಿಜವಾಗಿಯೂ ಹೀಗೆಯೇ ಸತ್ತಿದ್ದ.

ಶಿಕಾಗೋದಲ್ಲೂ ಅಂಥದೇ ಒಂದು ಪ್ರಸಂಗ. ಒಬ್ಬ ಚೆಕ್ ಹೆಂಗಸಿನ ಶವಸಂಸ್ಕಾರಕ್ಕೆ ಪಾದ್ರಿ ಒಪ್ಪಲಿಲ್ಲ. ಸಿಟ್ಟಿಗೆದ್ದ ಜನ 1877ರಲ್ಲಿ ತಮ್ಮದೇ ಬೊಹೆಮಿಯನ್ ರಾಷ್ಟ್ರೀಯ ಮಸಣವನ್ನು ಕಟ್ಟಿದರು. 1915ರಲ್ಲಿ ಈಸ್ಟ್‌ಲ್ಯಾಂಡ್ ಹಡಗು ಶಿಕಾಗೋ ನದಿಯಲ್ಲಿ ಮಗುಚಿ 844 ಮಂದಿ ಸತ್ತಾಗ, ಕಾರ್ಖಾನೆಯ ಪ್ರವಾಸಕ್ಕೆ ಹೊರಟಿದ್ದ ನೂರಕ್ಕೂ ಹೆಚ್ಚು ಜನರನ್ನು ಅಲ್ಲೇ ಹೂಳಲಾಯಿತು. ಕ್ಲಾದ್ನೊ ಊರಿನಲ್ಲಿ ಹುಟ್ಟಿ ಶಿಕಾಗೋದ ಮೇಯರ್ ಆದ ಆಂಟನ್ ಸೆರ್ಮಾಕ್ 1933ರಲ್ಲಿ ಗುಂಡೇಟಿನಿಂದ ಸತ್ತ. ಅವನ ಸಮಾಧಿಯೂ ಅಲ್ಲಿದೆ.

ಕಂತು

ಇಲ್ಲಿಂದ ನನಗೆ ಒಂದು ಎಳೆ ಸಿಕ್ಕಿತು. ಅಮೆರಿಕದ ಚೆಕ್ಕರ ಹಳೆಯ, ದೊಡ್ಡ ಸಂಘಗಳಲ್ಲಿ ಹಲವು ಪರಸ್ಪರ ನೆರವಿನ ವಿಮಾ ಸಂಘಗಳು. ಮೊದಲನೆಯದಾದ ಚೆಸ್ಕೊ-ಸ್ಲಾವ್ ನೆರವು ಸಂಘ 1854ರಲ್ಲಿ ಸೇಂಟ್ ಲೂಯಿಯಲ್ಲಿ ಹುಟ್ಟಿತು. ಸದಸ್ಯ ಸತ್ತರೆ ಸಂಸ್ಕಾರದ ಖರ್ಚು, ವಿಧವೆಗೆ ಹಣ. ಇದು ಅದರ ಕೆಲಸ. ವಿಮಾಕಂತಿನ ಲೆಕ್ಕಾಚಾರದ ಜಗಳದಿಂದ ಟೆಕ್ಸಾಸ್‌ನವರು ಬೇರೆಯಾಗಿ 1897ರಲ್ಲಿ ಎಸ್‌ಪಿಜೆಎಸ್‌ಟಿ ಎಂಬ ತಮ್ಮದೇ ಸಂಘ ತೆರೆದರು. ಅದು ಇಂದಿಗೂ ನಡೆಯುತ್ತಿದೆ.

ಕಂತು ಕಟ್ಟಲು ತಿಂಗಳಿಗೊಮ್ಮೆ ಸೇರಬೇಕು. ಸೇರಲು ಒಂದು ಸಭಾಂಗಣ ಬೇಕು. ಸಭೆಯ ನಡಾವಳಿಯನ್ನು ಚೆಕ್ ಭಾಷೆಯಲ್ಲಿ ಬರೆಯಬೇಕು, ಅದಕ್ಕೆ ಮಕ್ಕಳಿಗೆ ಅಕ್ಷರ ಕಲಿಸಬೇಕು. ಸದಸ್ಯರಿಗೆ ಸುದ್ದಿ ಮುಟ್ಟಿಸಲು ಪತ್ರಿಕೆ ಬೇಕು. ಸಭೆ ಮುಗಿದ ಮೇಲೆ ಅದೇ ಅಂಗಳದಲ್ಲಿ ಅಕಾರ್ಡಿಯನ್, ಪೋಲ್ಕಾ ಕುಣಿತ. ಹೆಂಗಸರು ತಂದ ಕೊಲಾಚ್: ಹೋಳಿಗೆಯ ಹೂರಣ ಹೊರಗೇ ಕಂಡ ಹಾಗೆ ನಡುವಿನ ಗುಳಿಯಲ್ಲಿ ಗಸಗಸೆ, ಪ್ಲಮ್ ಹಣ್ಣಿನ ಪಾಕ ಅಥವಾ ಗಿಣ್ಣು ತುಂಬಿದ ಬನ್ನು. ಕುಣಿತ, ತಿಂಡಿ, ಭಾಷೆ ಇವೆಲ್ಲ ಸಾವಿನ ಲೆಕ್ಕಪುಸ್ತಕದ ಆಸರೆಯಲ್ಲಿ ಬೆಳೆದವು. ನಾಳೆ ನೀನು ಸತ್ತರೆ ನಾನು ಹೊರುತ್ತೇನೆ ಎಂಬ ಮಾತು ಅವುಗಳ ಬುಡದಲ್ಲಿದೆ.

1918

ಈ ಜಾಲ ಎಂಥ ಗಟ್ಟಿಯೆಂದರೆ, ಮೊದಲ ಮಹಾಯುದ್ಧದಲ್ಲಿ ಚೆಕ್ ನಾಯಕ ತೊಮಾಶ್ ಮಾಸರಿಕ್ ಸ್ವತಂತ್ರ ರಾಷ್ಟ್ರಕ್ಕಾಗಿ ಬೆಂಬಲ ಬೇಡುತ್ತ ಅಮೆರಿಕಕ್ಕೆ ಬಂದಾಗ, ಹಣ ಕೂಡಿಸಲು ಸಂಘಗಳು ಸಿದ್ಧವಾಗಿದ್ದವು. ಚೆಕ್ಕರೂ ಸ್ಲೊವಾಕರೂ ಒಂದಾಗುವ ಒಪ್ಪಂದಕ್ಕೆ 1918ರ ಮೇ ತಿಂಗಳಲ್ಲಿ ರೂಪ ಕೊಟ್ಟದ್ದು ಪಿಟ್ಸ್‌ಬರ್ಗ್ ನಗರದಲ್ಲಿ. ಹೆಣ ಹೂಳಲು ಕಲೆತವರು ಒಂದು ದೇಶ ಹುಟ್ಟಲು ಕೈ ಜೋಡಿಸಿದರು.

ಹೆಸರಷ್ಟೇ ಉಳಿದಲ್ಲಿ

ಶಿಕಾಗೋದಲ್ಲಿ ಪಿಲ್ಸೆನ್ ಎಂಬ ಬಡಾವಣೆ. ಪ್ಲ್ಜೆನ್ ನಗರದ ನೆನಪಿಗೆ ಇಟ್ಟ ಹೆಸರು. ಚೆಕ್ಕರು ಪಶ್ಚಿಮದ ಬಡಾವಣೆಗಳಿಗೆ ಸರಿದರು, ಮೆಕ್ಸಿಕೋ ಮೂಲದವರು ಬಂದು ಗೋಡೆಗಳ ತುಂಬ ತಮ್ಮ ಚಿತ್ರ ಬರೆದರು. ಹೆಸರು ಮಾತ್ರ ಬದಲಾಗಲಿಲ್ಲ. ಕೊಲ್ಕತ್ತದ ಹತ್ತಿರ ಹೂಗ್ಲಿ ದಂಡೆಯ ಬಾಟಾನಗರವೂ ಹೀಗೆಯೇ. ನಮ್ಮ ಶಾಲಾದಿನಗಳ ಬಾಟಾ ಬೂಟಿನ ಮೂಲ ಮೊರಾವಿಯಾದ ಜ್ಲೀನ್, 1894. ಅಲ್ಲಿಂದ ಬಂದವರು 1930ರ ದಶಕದಲ್ಲಿ ಕಟ್ಟಿದ ಊರಿನಲ್ಲಿ ಈಗ ಮೊರಾವಿಯಾವನ್ನು ನೆನೆಯುವವರು ಯಾರು? ಹೆಸರು ತಾನಾಗಿ ಏನನ್ನೂ ಕಾಪಾಡುವುದಿಲ್ಲ.

ಬನಾತ್

ಎಲ್ಲಕ್ಕಿಂತ ಬಗೆಹರಿಯದ ಟಿಪ್ಪಣಿ ಇದು. ರೊಮೇನಿಯಾದ ನೈಋತ್ಯದ ಬನಾತ್ ಪ್ರದೇಶದಲ್ಲಿ, ಡ್ಯಾನ್ಯೂಬ್ ನದಿಯ ಮೇಲಿನ ಗುಡ್ಡಗಳಲ್ಲಿ ಸ್ವತಾ ಹೆಲೆನಾ, ಗೆರ್ನಿಕ್, ಬೀಗ್ರ್, ಐಬೆಂಟಾಲ್ ಮೊದಲಾದ ಚೆಕ್ ಹಳ್ಳಿಗಳಿವೆ. 1820ರ ದಶಕದಿಂದ ಕಾಡು ಕಡಿಯಲು ಬಂದವರ ಸಂತತಿ. ದಾರಿ ದುರ್ಗಮವಾಗಿದ್ದುದರಿಂದ ಭಾಷೆ, ಮನೆ ಕಟ್ಟುವ ರೀತಿ, ಕುದುರೆಗಾಡಿ ಎಲ್ಲ ಉಳಿದವು. 1989ರ ನಂತರ ಇಲ್ಲಿನ ತರುಣರು ಕೆಲಸ ಹುಡುಕಿ ಚೆಕ್ ದೇಶಕ್ಕೆ ಹೊರಟರು. ಅದೇ ಹೊತ್ತಿಗೆ ಪ್ರಾಗ್, ಬ್ರನೊ ಊರುಗಳ ಜನ ಬೆನ್ನಿಗೆ ಚೀಲ ಹಾಕಿಕೊಂಡು ಇತ್ತ ಬರತೊಡಗಿದರು. ಇಲ್ಲಿನ ಕಾಲುದಾರಿಗಳಿಗೆ ಚೆಕ್ ಚಾರಣಿಗರ ಸಂಘ ತನ್ನ ಬಣ್ಣದ ಗುರುತು ಬಳಿದಿದೆ.

ತಾಯ್ನಾಡಿನಲ್ಲೇ ಇದ್ದವರು ತಮ್ಮ ಹಳೆಯ ಹಳ್ಳಿಯನ್ನು ಹುಡುಕಿಕೊಂಡು ಪರದೇಶಕ್ಕೆ ಬರುತ್ತಾರೆ. ಪರದೇಶದಲ್ಲಿ ಅದನ್ನು ಉಳಿಸಿದವರು ಬಿಟ್ಟು ಹೋಗುತ್ತಾರೆ. ಇಬ್ಬರೂ ಊರಿಗೇ ಹೋಗುತ್ತಿದ್ದೇವೆ ಎಂದುಕೊಂಡರೆ ಅದು ಸುಳ್ಳಲ್ಲ.

ಇಲ್ಲಿಯವರೆಗೆ

ಐಯೊವಾದ ಸೀಡರ್ ರ‍್ಯಾಪಿಡ್ಸ್‌ನ ಚೆಕ್ ಮತ್ತು ಸ್ಲೊವಾಕ್ ವಸ್ತುಸಂಗ್ರಹಾಲಯವನ್ನು 1995ರಲ್ಲಿ ಅಮೆರಿಕ, ಚೆಕ್, ಸ್ಲೊವಾಕ್ ಮೂರೂ ದೇಶಗಳ ಅಧ್ಯಕ್ಷರು ಬಂದು ಉದ್ಘಾಟಿಸಿದರು. 2008ರ ಪ್ರವಾಹದಲ್ಲಿ ಅದು ಮುಳುಗಿತು. ಊರಿನವರು ಇಡೀ ಕಟ್ಟಡವನ್ನೇ ಕಿತ್ತು, ಎತ್ತರದ ಜಾಗಕ್ಕೆ ಸರಿಸಿ, 2012ರಲ್ಲಿ ಮತ್ತೆ ಬಾಗಿಲು ತೆರೆದರು.

ತೊರೆದ ಊರನ್ನು ಬದುಕಿಸುವುದು ಬರೀ ಹಂಬಲವಲ್ಲ. ಪಕ್ಕದವನಿಗೆ ತೆರಬೇಕಾದ ಕಂತು ಅದನ್ನು ಬದುಕಿಸುತ್ತದೆ ಎಂಬ ನಂಬಿಕೆ ನನ್ನಲ್ಲಿ ಬಲವಾಗಿದೆ. ಆದರೆ ಈಗ ಯಾವ ಕಂಪನಿಯಾದರೂ ವಿಮೆ ಕೊಡುತ್ತದೆ, ಸಂಸ್ಕಾರಕ್ಕೆ ಕೂಲಿಯವರು ಸಿಗುತ್ತಾರೆ. ಒಬ್ಬರಿಗೊಬ್ಬರು ಬೇಕಾಗುವ ಅಂಥದೇ ಗಟ್ಟಿ ಕಾರಣವನ್ನು ಐದನೆಯ ತಲೆಮಾರು ಹೊಸದಾಗಿ ಕಟ್ಟಿಕೊಳ್ಳಬೇಕು. ಅದು ಸಿಕ್ಕರೆ ಭಾಷೆ ಹೋದರೂ ಊರು ಉಳಿಯುತ್ತದೆ. ಸಿಗದಿದ್ದರೆ ಪ್ರಾಹಾ ಕೂಡ ಪಿಲ್ಸೆನ್ ಆಗುತ್ತದೆ.