ಅಮೆರಿಕದ ಗಂಟೆ, ನಮ್ಮ ಮನೆಯ ದೀಪ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದ ಮಹಾನುಭಾವನ ಮನೆಯಲ್ಲಿ ಟೆಲಿವಿಷನ್ ಇರಲಿಲ್ಲವೆಂಬುದು ಸ್ಪಷ್ಟ. ಇದ್ದಿದ್ದರೆ, ಅದರಲ್ಲೂ ಅಮೆರಿಕದ ವಾರ್ತೆಯ ವಾಹಿನಿಯೊಂದನ್ನು ಆತ ಒಂದು ವಾರ ನೋಡಿದ್ದರೆ, ದೂರದ ಬೆಟ್ಟಕ್ಕೆ ಸದಾ ಬೆಂಕಿ ಬಿದ್ದಿರುತ್ತದೆ ಎಂದು ಗಾದೆಯನ್ನು ತಿದ್ದಿಬಿಡುತ್ತಿದ್ದ. ಬಸವನಗುಡಿಯ ನಮ್ಮ ಮನೆಯ ಹಜಾರದಲ್ಲಿ ಕುಳಿತು ಆ ಬೆಂಕಿಯನ್ನು ನೋಡುವುದು ಮಗಳು 2006ರಲ್ಲಿ ಓದಲೆಂದು ಅಲ್ಲಿಗೆ ಹೋದಂದಿನಿಂದ ನನಗೆ ಅಂಟಿಕೊಂಡ ಅಭ್ಯಾಸ.

ಇದು ನನ್ನೊಬ್ಬನ ರೋಗವಲ್ಲ. ಬೆಳಗ್ಗೆ ಲಾಲ್‌ಬಾಗಿನಲ್ಲಿ ತಿರುಗಾಡಲು ಸೇರುವ ನಮ್ಮ ಗುಂಪಿನಲ್ಲಿ ಏಳು ಜನರಿದ್ದೇವೆ. ಐವರ ಮಕ್ಕಳು ಅಮೆರಿಕದಲ್ಲಿದ್ದಾರೆ. ಕಲ್ಲುಬೆಂಚಿನ ಮೇಲೆ ಕುಳಿತು ನಾವು ಫೆಡರಲ್ ರಿಸರ್ವಿನ ಬಡ್ಡಿಯ ದರವನ್ನು ಚರ್ಚಿಸುವುದನ್ನು ಕೇಳಿದವರು, ಆ ಬ್ಯಾಂಕಿನ ಆಡಳಿತ ಮಂಡಲಿಯೇ ತನ್ನ ಸಭೆಯನ್ನು ಇಲ್ಲಿಗೆ ವರ್ಗಾಯಿಸಿಕೊಂಡಿದೆಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ನಮ್ಮ ಬೀದಿಯ ಚರಂಡಿ ಯಾವ ಇಲಾಖೆಗೆ ಸೇರಿದ್ದೆಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿಯದು. ಆದರೆ 2020ರ ನವೆಂಬರಿನಲ್ಲಿ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಇನ್ನೆಷ್ಟು ಮತಗಳು ಎಣಿಕೆಗೆ ಉಳಿದಿವೆಯೆಂಬುದು ಎಲ್ಲರಿಗೂ ತಿಳಿದಿತ್ತು.

ಈ ಗೀಳು ನಮ್ಮ ಊರಿಗೆ ಬಂದದ್ದು ಯುದ್ಧದ ಬೆನ್ನೇರಿ. ಸಿ.ಎನ್.ಎನ್. ಅಟ್ಲಾಂಟ ನಗರದಲ್ಲಿ ಆರಂಭವಾದದ್ದು 1980ರ ಜೂನ್ 1ರಂದು. ಹನ್ನೊಂದು ವರ್ಷಗಳ ತರುವಾಯ, 1991ರ ಜನವರಿ 17ರ ಬೆಳಗಿನ ಜಾವ, ಬಾಗ್ದಾದಿನ ಮೇಲೆ ಬಾಂಬುಗಳು ಬೀಳತೊಡಗಿದಾಗ, ಆ ನಗರದ ಅಲ್ ರಷೀದ್ ಹೋಟೆಲಿನ ಕೋಣೆಯೊಂದರಿಂದ ಬರ್ನಾರ್ಡ್ ಷಾ, ಪೀಟರ್ ಆರ್ನೆಟ್, ಜಾನ್ ಹಾಲಿಮನ್ ಎಂಬ ಮೂವರು ಬಾತ್ಮೀದಾರರು ಕಂಡದ್ದನ್ನು ಕಂಡಂತೆಯೇ ಲೋಕಕ್ಕೆ ಹೇಳುತ್ತಿದ್ದರು. ನಮ್ಮ ಮನೆಗಳಲ್ಲಿ ಆಗ ಇದ್ದದ್ದು ದೂರದರ್ಶನವೊಂದೇ. ದೊಡ್ಡ ಹೋಟೆಲುಗಳ ಮಾಳಿಗೆಯ ಮೇಲೆ ಮಾತ್ರ ಬಾಣಲೆಯಂಥ ಆಂಟೆನಾಗಳು ಆಕಾಶಕ್ಕೆ ಮುಖ ಮಾಡಿ ಕುಳಿತಿದ್ದವು. ಆ ವರ್ಷ ಕಳೆಯುವುದರೊಳಗೆ ಕೇಬಲ್ಲಿನ ಹುಡುಗರು ತೆಂಗಿನ ಮರದಿಂದ ನುಗ್ಗೆಯ ಮರಕ್ಕೆ, ನುಗ್ಗೆಯ ಮರದಿಂದ ನಮ್ಮ ಕಿಟಕಿಗೆ ಕಪ್ಪು ತಂತಿ ಎಳೆಯುವ ಕಾಲ ಆರಂಭವಾಯಿತು. ಬಟ್ಟೆ ಒಣಗಿಸಲು ಹಗ್ಗ ಕಟ್ಟಿದಷ್ಟು ಸುಲಭವಾಗಿ ಅಮೆರಿಕ ನಮ್ಮ ಮನೆಗೆ ಬಂದಿತು.

ವ್ಯಾಪಾರದ ವಾಹಿನಿಗಳ ರುಚಿ ಹತ್ತಿದ್ದು ಸ್ವಲ್ಪ ತಡವಾಗಿ. ಸಿ.ಎನ್.ಬಿ.ಸಿ. ಅಮೆರಿಕದಲ್ಲಿ 1989ರಲ್ಲಿ ಆರಂಭವಾಗಿದ್ದರೂ, 1999ರ ಮಾರ್ಚಿನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ನ್ಯೂಯಾರ್ಕಿನ ನಾಸ್ಡಾಕ್ ಪೇಟೆಯಲ್ಲಿ ಹೆಸರು ನೋಂದಾಯಿಸಿದ ಮೇಲೆಯೇ ನಮ್ಮಂಥವರು ಅತ್ತ ತಿರುಗಿ ನೋಡಿದ್ದು. ಹಾಗೆ ನೋಂದಾಯಿಸಿದ ಭಾರತದ ಮೊದಲ ಕಂಪನಿ ಅದು. ಜಯನಗರದ ಹುಡುಗ ಕೆಲಸಕ್ಕೆ ಹೋಗುವ ಕಂಪನಿಯ ಬೆಲೆ ನ್ಯೂಯಾರ್ಕಿನಲ್ಲಿ ಏರಿತೋ ಇಳಿಯಿತೋ ಎಂದು ಜಯನಗರದ ತಾಯಿ ರಾತ್ರಿ ವಿಚಾರಿಸುವ ಕಾಲ ಬಂದಿತು.

ಆ ಪೇಟೆಯ ವೇಳೆಯಾದರೂ ನಮ್ಮ ಅನುಕೂಲಕ್ಕೆಂದೇ ಗೊತ್ತುಮಾಡಿದಂತಿದೆ. ಅಲ್ಲಿ ಬೆಳಗ್ಗೆ ಒಂಬತ್ತೂವರೆಗೆ ಷೇರುಪೇಟೆ ತೆರೆಯುತ್ತದೆ. ನಮಗೆ ಆಗ ಸಂಜೆ ಏಳು. ನವೆಂಬರ್ ತಿಂಗಳ ಮೊದಲನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಚಳಿಗಾಲದಲ್ಲಿ ಅದು ಎಂಟಾಗುತ್ತದೆ. ನನ್ನ ಮನೆಯಾಕೆ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನ್ಯೂಯಾರ್ಕಿನಲ್ಲಿ ಗಂಟೆ ಬಾರಿಸುತ್ತಾರೆ. ಉಪ್ಪರಿಗೆಯೊಂದರ ಮೇಲೆ ಸಾಲಾಗಿ ನಿಂತ ಹತ್ತಾರು ಗಣ್ಯರು ಚಪ್ಪಾಳೆ ತಟ್ಟುತ್ತಾರೆ. ಪೇಟೆ ಮುಗ್ಗರಿಸಿ ಬೀಳಲಿರುವ ದಿನವೂ ಅವರ ನಗುವಿಗೆ ಕುಂದಿಲ್ಲ.

“ಅವರದೂ ಮಂಗಳಾರತಿ ಆಯ್ತೇನ್ರೀ?” ಎಂದು ನನ್ನಾಕೆ ಒಳಗಿನಿಂದ ಕೇಳುತ್ತಾಳೆ.

ಹೊರಗಿನಿಂದ ನೋಡುವವನಿಗೆ ಆ ವಾಹಿನಿಗಳ ಭಾಷೆಯನ್ನು ಕಲಿಯುವುದೇ ಒಂದು ವಿದ್ಯಾಭ್ಯಾಸ. ಇಂಗ್ಲಿಷ್ ನಮಗೂ ಬರುತ್ತದೆ. ನಾನು ಹೇಳುವುದು ಬೇರೆಯ ಭಾಷೆ. ಬಣ್ಣಗಳನ್ನೇ ತೆಗೆದುಕೊಳ್ಳಿ. ಹಸುರು ಎಂದರೆ ಏರಿಕೆ, ಕೆಂಪು ಎಂದರೆ ಇಳಿಕೆ. ಇದು ಸೃಷ್ಟಿನಿಯಮವೆಂದು ನಾನು ತಿಳಿದಿದ್ದೆ. ಜಪಾನ್ ಮತ್ತು ಚೀನಾಗಳ ಪೇಟೆಯಲ್ಲಿ ಕೆಂಪೇ ಏರಿಕೆಯ ಬಣ್ಣವಂತೆ. ಚುನಾವಣೆಯ ರಾತ್ರಿ ಬಂತೆಂದರೆ ಅದೇ ಕೆಂಪು ರಿಪಬ್ಲಿಕನ್ ಪಕ್ಷದ್ದಾಗುತ್ತದೆ. ಕೆಂಬಾವುಟವೆಂದರೆ ಕಾರ್ಮಿಕರ ಮೆರವಣಿಗೆಯನ್ನು ನೆನೆಯುವ ನಮ್ಮ ಪೀಳಿಗೆಗೆ ಇದು ಜೀರ್ಣವಾಗುವುದು ಕಷ್ಟ. ಆದರೆ ಈ ಕಟ್ಟಳೆ ಗಟ್ಟಿಯಾದದ್ದು 2000ದ ಚುನಾವಣೆಯಲ್ಲಿ, ಫ್ಲಾರಿಡಾದ ಮತಗಳಿಗಾಗಿ ವಾರಗಟ್ಟಲೆ ಹಗ್ಗಜಗ್ಗಾಟ ನಡೆದಾಗ ಮಾತ್ರ. ಇನ್ನು ಸಂಖ್ಯೆಗಳು. ಟ್ರಿಲಿಯನ್ ಎಂದೊಡನೆ ನಾನು ಮನಸ್ಸಿನಲ್ಲಿಯೇ ಅದನ್ನು ಲಕ್ಷ ಕೋಟಿಯಾಗಿ ಬದಲಾಯಿಸಿಕೊಳ್ಳುವಷ್ಟರಲ್ಲಿ ವಾರ್ತೆ ಓದುವವಳು ಮತ್ತೆರಡು ಟ್ರಿಲಿಯನ್ ಖರ್ಚುಮಾಡಿ ಮುಗಿಸಿರುತ್ತಾಳೆ.

ಒಂದು ಶಬ್ದ ಮಾತ್ರ ನನಗೆ ಅಲ್ಲಿ ನೆಂಟನಂತೆ ಸಿಕ್ಕಿತು. ಪರದೆಯ ಮೇಲೆ ಆರು ಚೌಕಗಳಲ್ಲಿ ಕುಳಿತು ಒಬ್ಬರ ಮಾತಿನ ಮೇಲೊಬ್ಬರು ಮಾತಾಡುವವರನ್ನು ಅಲ್ಲಿ ‘ಪಂಡಿಟ್’ ಎನ್ನುತ್ತಾರೆ. ನಮ್ಮ ಪಂಡಿತನೇ ಸಮುದ್ರ ದಾಟಿ ಆ ಸ್ಥಿತಿಗೆ ಬಂದಿದ್ದಾನೆ. ಇಲ್ಲಿದ್ದಾಗ ಆತ ಓದಿದ ಮೇಲೆ ಮಾತನಾಡುತ್ತಿದ್ದ.

ನಮಗೆ ಉಪಗ್ರಹದ ಮೂಲಕ ಬರುವ ಸಿ.ಎನ್.ಎನ್. ಅಮೆರಿಕದವರು ತಮ್ಮ ಮನೆಯಲ್ಲಿ ನೋಡುವ ವಾಹಿನಿಯಲ್ಲವೆಂಬುದು ನನಗೆ ತಿಳಿದದ್ದು 2019ರಲ್ಲಿ, ನ್ಯೂಜರ್ಸಿಯ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ. ಹೊರದೇಶಗಳಿಗೆಂದೇ 1985ರಿಂದ ಅವರು ಬೇರೊಂದು ಆವೃತ್ತಿಯನ್ನು ನಡೆಸುತ್ತಿದ್ದಾರೆ. ನಮಗೆ ಹವಾಮಾನದ ನಕ್ಷೆ ತೋರಿಸುವ ಬಿಡುವಿನಲ್ಲಿ ಅವರಿಗೆ ಔಷಧಗಳ ಜಾಹೀರಾತು. ವೈದ್ಯರ ಚೀಟಿಯಿಲ್ಲದೆ ಕೊಳ್ಳಲಾಗದ ಔಷಧಗಳನ್ನು ನೇರವಾಗಿ ರೋಗಿಗೇ ಹೀಗೆ ಹೆಸರು ಹಿಡಿದು ಸಾರಲು ಬಿಡುವ ದೇಶಗಳು ಎರಡೇ, ಅಮೆರಿಕ ಮತ್ತು ನ್ಯೂಜಿಲೆಂಡ್. ವೃದ್ಧ ದಂಪತಿಗಳು ನಾಯಿಯೊಡನೆ ಹುಲ್ಲಿನ ಮೇಲೆ ನಡೆದಾಡುತ್ತಿರುತ್ತಾರೆ; ಹಿನ್ನೆಲೆಯಲ್ಲಿ ಮಧುರವಾದ ಧ್ವನಿಯೊಂದು, ಈ ಮಾತ್ರೆಯಿಂದ ಯಕೃತ್ತು ಕೆಡಬಹುದು, ಮೂರ್ಛೆ ಬರಬಹುದು, ಅಪರೂಪಕ್ಕೆ ಪ್ರಾಣವೂ ಹೋಗಬಹುದು ಎಂದು ಜೋಗುಳದಂತೆ ಹೇಳುತ್ತಿರುತ್ತದೆ. ನನ್ನಾಕೆ ತನ್ನ ರಕ್ತದೊತ್ತಡದ ಮಾತ್ರೆಯನ್ನು ಎರಡು ದಿನ ಮುಟ್ಟಲಿಲ್ಲ.

ನಮ್ಮ ಗುಂಪಿನಲ್ಲಿ ಇಂಟರ್‌ನೆಟ್ಟಿನ ಸಹಾಯದಿಂದ ಬೇರೆ ಬೇರೆ ವಾಹಿನಿಗಳನ್ನು ಹಿಂಬಾಲಿಸುವ ಇಬ್ಬರು ಮಿತ್ರರಿದ್ದಾರೆ. ಇಬ್ಬರೂ ನೋಡುವುದು ಒಂದೇ ದೇಶವನ್ನೆಂದು ನಂಬುವುದು ಕಷ್ಟ. 2020ರ ಚುನಾವಣೆಯ ಬಗ್ಗೆ ಬೆಂಚಿನ ಮೇಲೆ ಅವರು ಜಗಳವಾಡಿದಷ್ಟು ಆ ಅಭ್ಯರ್ಥಿಗಳೂ ಜಗಳವಾಡಿರಲಾರರು. ಕೊನೆಗೆ 2023ರ ಏಪ್ರಿಲಿನಲ್ಲಿ, ಆ ಚುನಾವಣೆಯ ಕುರಿತು ಪ್ರಸಾರವಾದ ಸುಳ್ಳು ಆಪಾದನೆಗಳ ಮೊಕದ್ದಮೆಯಲ್ಲಿ, ಫಾಕ್ಸ್ ನ್ಯೂಸ್ ವಾಹಿನಿಯವರು ಡೊಮಿನಿಯನ್ ಎಂಬ ಮತಯಂತ್ರಗಳ ಕಂಪನಿಗೆ 78 ಕೋಟಿ 75 ಲಕ್ಷ ಡಾಲರು ಕೊಟ್ಟು ರಾಜಿಯಾದರು. ನಮ್ಮ ಮಿತ್ರರು ಇನ್ನೂ ರಾಜಿಯಾಗಿಲ್ಲ.

ಇವೆಲ್ಲ ನಗುವ ಮಾತು. ನಗದಿದ್ದ ಎರಡು ಕಾಲಗಳನ್ನು ಹೇಳಬೇಕು.

ಮೊದಲನೆಯದು 2008ರ ಸೆಪ್ಟೆಂಬರ್. ಅದೇ ತಿಂಗಳ 15ರಂದು ಲೇಮನ್ ಬ್ರದರ್ಸ್ ಎಂಬ 158 ವರ್ಷಗಳ ಹಳೆಯ ಸಂಸ್ಥೆ ದಿವಾಳಿಯೆದ್ದಿತ್ತು. 29ರ ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ, ಬ್ಯಾಂಕುಗಳನ್ನು ಉಳಿಸಲು ಎಪ್ಪತ್ತು ಸಾವಿರ ಕೋಟಿ ಡಾಲರು ಒದಗಿಸುವ ಮಸೂದೆಗೆ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಮತ ಹಾಕುತ್ತಿದ್ದರು. ಪರದೆಯ ಒಂದು ಭಾಗದಲ್ಲಿ ಮತಗಳ ಲೆಕ್ಕ, ಇನ್ನೊಂದು ಭಾಗದಲ್ಲಿ ಡೌ ಜೋನ್ಸ್ ಸೂಚ್ಯಂಕ. ಪರವಾಗಿ 205, ವಿರೋಧವಾಗಿ 228. ಒಂದು ಕಡೆಯ ಅಂಕೆ ಏರಿದಂತೆ ಇನ್ನೊಂದು ಕಡೆಯ ಅಂಕೆ ಜಾರುತ್ತಿತ್ತು. ಬಾವಿಗೆ ಬಿದ್ದ ಕೊಡದ ಹಗ್ಗ ಕೈಯಲ್ಲಿ ಸರಸರನೆ ಓಡಿದಂತೆ. ಪೇಟೆ ಮುಚ್ಚುವಾಗ ಡೌ 777 ಅಂಕಗಳಷ್ಟು ಕುಸಿದಿತ್ತು. ನನ್ನ ಹಣವೆಲ್ಲ ಗಾಂಧಿ ಬಜಾರಿನ ಅಂಚೆ ಕಚೇರಿಯಲ್ಲಿ ಭದ್ರವಾಗಿತ್ತು. ವಾಲ್ ಸ್ಟ್ರೀಟಿನಲ್ಲಿ ನನ್ನದೊಂದು ಕಾಸೂ ಇರಲಿಲ್ಲ. ಆದರೆ ಮಗಳು ಆ ಡಿಸೆಂಬರಿಗೆ ಪರೀಕ್ಷೆ ಮುಗಿಸಿ ಕೆಲಸ ಹುಡುಕಬೇಕಿತ್ತು. ರಾತ್ರಿ ಒಂದೂವರೆಯವರೆಗೆ ಕುಳಿತಿದ್ದೆ. ಆ ಗಳಿಗೆಯಲ್ಲಿ ನಮ್ಮ ಬೀದಿಯ ಇನ್ನೂ ಮೂರು ಮನೆಗಳ ಕಿಟಕಿಯಲ್ಲಿ ಟೆಲಿವಿಷನ್ನಿನ ನೀಲಿ ಬೆಳಕು ಕುಣಿಯುತ್ತಿತ್ತು. ಅಮೆರಿಕದ ಬ್ಯಾಂಕುಗಳ ಲೆಕ್ಕಪತ್ರದ ಕೆಲಸ ಮಾಡಿಕೊಡುವ ಕಚೇರಿಗಳು ಬೆಂಗಳೂರಿನಲ್ಲಿ ಎಷ್ಟಿರಲಿಲ್ಲ!

ಮಗಳಿಗೆ ಕೆಲಸ ಸಿಕ್ಕಿತು, ತಡವಾಗಿಯಾದರೂ.

ಎರಡನೆಯದು ಹತ್ತಿರದ್ದು. 2022ರ ನವೆಂಬರ್ 9ರಂದು ಮೆಟಾ ಕಂಪನಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಅಂದು ಅದರ ಷೇರಿನ ಬೆಲೆ ಏರಿತು. 2023ರ ಜನವರಿ 20ರಂದು ಗೂಗಲ್ಲಿನ ಮಾತೃಸಂಸ್ಥೆಯಾದ ಆಲ್ಫಬೆಟ್ ಹನ್ನೆರಡು ಸಾವಿರ ಜನರನ್ನು ತೆಗೆಯುವುದಾಗಿ ಹೇಳಿತು. ಅದರ ಬೆಲೆಯೂ ಏರಿತು. ಖರ್ಚು ಕಡಮೆಯಾದರೆ ಲಾಭ ಹೆಚ್ಚುತ್ತದೆ, ಲಾಭ ಹೆಚ್ಚಿದರೆ ಷೇರಿಗೆ ಬೆಲೆ. ಈ ಲೆಕ್ಕ ನನಗೂ ತಿಳಿಯುತ್ತದೆ. ಕೆಲವು ವಾರಗಳ ಬಳಿಕ ಒಂದು ಸಂಜೆ ಎಂಟು ಗಂಟೆಗೆ, ಗಂಟೆ ಬಾರಿಸಿ ಚಪ್ಪಾಳೆ ಮುಗಿಯುತ್ತಿದ್ದಂತೆ, ಪರದೆಯ ಅಡಿಯಲ್ಲಿ ಹರಿಯುವ ಅಕ್ಷರಗಳ ಸಾಲಿನಲ್ಲಿ ಇನ್ನೊಂದು ಕಂಪನಿಯ ಹೆಸರು ಬಂದಿತು. ಅದರ ಮುಂದೆ ಕೆಲಸ ಕಳೆದುಕೊಂಡವರ ಸಂಖ್ಯೆ. ಅದರ ಮುಂದೆ ಹಸುರು ಬಾಣ, ಮೇಲ್ಮುಖವಾಗಿ. ಚೌಕದೊಳಗಿನ ಪಂಡಿತರು ಕಂಪನಿ ಒಳ್ಳೆಯ ಶಿಸ್ತನ್ನು ತೋರಿಸಿದೆಯೆಂದು ಮೆಚ್ಚಿಕೊಂಡರು. ಅದು ನನ್ನ ಮಗಳು ಕೆಲಸ ಮಾಡುತ್ತಿದ್ದ ಕಂಪನಿ.

ನನ್ನಾಕೆಗೆ ನಾನು ಹೇಳಲಿಲ್ಲ. ಹತ್ತು ಗಂಟೆಗೆ ಫೋನು ಬಂದಿತು.

“ಅಪ್ಪಾ, ಟಿ.ವಿ. ನೋಡಿದಿರಾ?”

“ನೋಡಿದೆನಮ್ಮ.”

“ನನ್ನ ಹೆಸರೂ ಇದೆ.”

ಹದಿನೇಳು ವರ್ಷ ಆ ದೇಶದಲ್ಲಿದ್ದು, ಅಲ್ಲಿ ತೆರಿಗೆ ಕಟ್ಟಿ, ಮನೆ ಕೊಂಡ ಮೇಲೂ ಅವಳು ಎಚ್-1ಬಿ ವೀಸಾದ ಮೇಲೆಯೇ ಇದ್ದಳು. ಯಾವ ಒಂದು ದೇಶದವರಿಗೂ ಶೇಕಡಾ ಏಳಕ್ಕಿಂತ ಹೆಚ್ಚಿನ ಪಾಲು ಇಲ್ಲವೆಂಬ ನಿಯಮದಿಂದಾಗಿ ಭಾರತೀಯರ ಸರದಿ ಮೈಲುಗಟ್ಟಲೆ ಬೆಳೆದಿದೆ. ಆ ವೀಸಾದವರು ಕೆಲಸ ಹೋದ ದಿನದಿಂದ ಅರವತ್ತು ದಿನಗಳೊಳಗೆ ಇನ್ನೊಂದು ಕಂಪನಿಯ ಮೂಲಕ ಅರ್ಜಿ ಹಾಕಿಸಬೇಕು, ಇಲ್ಲವೇ ಬೇರೆ ಬಗೆಯ ಅನುಮತಿ ಪಡೆಯಬೇಕು. ಎರಡೂ ಆಗದಿದ್ದರೆ ದೇಶ ಬಿಡಬೇಕು. ಅಳಿಯನ ವೀಸಾ ಅವಳದನ್ನೇ ನೆಚ್ಚಿಕೊಂಡದ್ದು. ಎಂಟು ವರ್ಷದ ಮೊಮ್ಮಗಳು ಅಲ್ಲಿಯೇ ಹುಟ್ಟಿದವಳಾದ್ದರಿಂದ ಅಲ್ಲಿಯ ಪ್ರಜೆ. ಒಂದೇ ಮನೆಯಲ್ಲಿ ಮಗು ಒಡತಿ, ತಂದೆತಾಯಿ ಅತಿಥಿಗಳು.

ನನ್ನಾಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ದಿನಕ್ಕೊಂದು ಗೀಟು ಹಾಕತೊಡಗಿದಳು. ನಾನು ಪ್ರತಿ ಸಂಜೆಯೂ ಆ ವಾಹಿನಿಯ ಮುಂದೆ ಕುಳಿತೆ. ಅರವತ್ತು ದಿನ ಎಂಬ ಮಾತನ್ನು ಅಲ್ಲಿ ಒಮ್ಮೆಯೂ ನಾನು ಕೇಳಲಿಲ್ಲ. ಆ ವಾಹಿನಿಯವರು ಸುಳ್ಳು ಹೇಳಿದರೆಂದು ನಾನು ದೂರಲಾರೆ. ಷೇರುದಾರನಿಗೆ ತಿಳಿಯಬೇಕಾದ್ದನ್ನು ಅವರು ಷೇರುದಾರನಿಗೆ ಹೇಳಿದರು. ಹಸುರು ಬಾಣ ಅವನ ಪಾಲಿಗೆ ನಿಜವಾಗಿಯೂ ಹಸುರೇ. ನಾನು ಅವನಲ್ಲ. ಕೆಲಸದವರ ತಂದೆಯೊಬ್ಬನು ಎಂಟು ಸಾವಿರ ಮೈಲಿಯಾಚೆಯಿಂದ ಕದದ ಸಂದಿಗೆ ಕಿವಿಗೊಟ್ಟು ಯಜಮಾನರ ಹಜಾರದ ಮಾತನ್ನು ಕೇಳುತ್ತಿರುವನೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಐವತ್ತೊಂದನೆಯ ಗೀಟಿನ ದಿನ ಹೊಸ ಕಂಪನಿಯವರು ಅರ್ಜಿ ಸಲ್ಲಿಸಿದರು. ಸಂಬಳ ಮೊದಲಿಗಿಂತ ಕಡಮೆ. ನನ್ನಾಕೆ ದೊಡ್ಡ ಗಣಪತಿಗೆ ಬೆಣ್ಣೆಯ ಅಲಂಕಾರ ಮಾಡಿಸಿದಳು.

“ಆ ಟಿ.ವಿ. ಯಾಕಪ್ಪಾ ನೋಡ್ತೀರಿ? ಇಲ್ಲಿ ನಾವೇ ನೋಡೋದಿಲ್ಲ” ಎಂದು ಮಗಳು ಈಗಲೂ ಗದರುತ್ತಾಳೆ. ನಿಜ. ಅವಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ ಆ ವಾಹಿನಿಗಳನ್ನು ಹಾಕಿದವನು ನಾನೊಬ್ಬನೇ. ಹೊರಗೆ ಹಿಮ ಬೀಳುತ್ತಿತ್ತು. ಎದುರು ಮನೆಯ ಮುದುಕ, ತನ್ನ ಬಾಗಿಲ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿ ಹಾಕಿದ ಮೇಲೆ, ಕೇಳದೆಯೇ ನಮ್ಮ ಬಾಗಿಲಿನದನ್ನೂ ಎತ್ತಿಹಾಕಿ ಹೋದ. ಹದಿಮೂರು ವರ್ಷ ನಾನು ನೋಡಿದ ಅಮೆರಿಕದಲ್ಲಿ ಆ ಮುದುಕ ಒಂದು ಸಲವೂ ಬಂದಿರಲಿಲ್ಲ. ಆದರೂ ಬೆಂಗಳೂರಿಗೆ ಹಿಂದಿರುಗಿದ ಮರುದಿನವೇ ಸಂಜೆ ಕುರ್ಚಿ ಎಳೆದುಕೊಂಡು ಕುಳಿತೆ. ಮಗಳು ವಾರಕ್ಕೊಮ್ಮೆ ಹೇಳುವುದು ಎಲ್ಲ ಚೆನ್ನಾಗಿದೆ ಎಂಬ ಒಂದೇ ವಾರ್ತೆ. ಅಷ್ಟರಿಂದ ತಂದೆಯಾದವನಿಗೆ ಹೊಟ್ಟೆ ತುಂಬುವುದಿಲ್ಲ.

ಅವಳೇನು ಕಡಮೆಯೆ? 2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಭಾರಿ ಮಳೆಯಾಗಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ನ್ಯೂಜರ್ಸಿಯಲ್ಲಿ ನಡುರಾತ್ರಿ; ಮೊಬೈಲಿನಲ್ಲಿ ಕನ್ನಡದ ವಾರ್ತಾವಾಹಿನಿಯೊಂದನ್ನು ನೋಡುತ್ತ ಕುಳಿತಿದ್ದ ಮಗಳು ಗಾಬರಿಯಿಂದ ಫೋನು ಮಾಡಿದಳು.

“ಅಪ್ಪಾ, ಊರೆಲ್ಲಾ ಮುಳುಗಿದೆ ಅಂತ ತೋರಿಸ್ತಿದಾರೆ! ನೀವಿಬ್ಬರೂ ಮಹಡಿ ಮೇಲೆ ಇದೀರಾ?”

ಫೋನನ್ನು ನನ್ನಾಕೆ ಕಿತ್ತುಕೊಂಡಳು. “ಮಹಡಿ ಮೇಲೆ ಸಂಡಿಗೆ ಹಾಕಿದ್ದೆ ಕಣೇ, ಒಂದು ತಟ್ಟೆ ಪೂರಾ ನೆನೆದುಹೋಯ್ತು. ನೀನಿನ್ನೂ ಮಲಗಲಿಲ್ಲವೇನೇ?”