ಎರಡು ಖಾತೆ, ಒಂದು ಗಡಿಯಾರ

ಮೂವತ್ತು ವರ್ಷ ಲೆಕ್ಕದ ಪುಸ್ತಕಗಳ ನಡುವೆ ಕುಳಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎರಡು ಖಾತೆಗಳು ತಾಳೆಯಾಗದಿದ್ದರೆ ಅವುಗಳಲ್ಲಿ ಒಂದು ಸುಳ್ಳಾಗಿರಲೇಬೇಕೆಂದು ಅವನ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಕನ್ಹಾನಿಗೆ ಬಂದು ನೆಲೆಸಿದ ನಾನೂ ಅದಕ್ಕೆ ಹೊರತಲ್ಲ.

ಹೋದ ಬೇಸಗೆಯಲ್ಲಿ ಬಿ.ಎಸ್‌ಸಿ. ಮುಗಿಸಿದ ಮಗಳು, ಭೌತವಿಜ್ಞಾನವನ್ನೇ ಮುಂದೆ ಓದುತ್ತೇನೆಂದಳು. ಬ್ಯಾಂಕಿನ ಪರೀಕ್ಷೆಗೆ ಕೂರಲಿ ಎಂಬುದು ನನ್ನ ಆಸೆ. ಓದಿ ಏನು ಮಾಡುತ್ತೀಯೆ ಎಂದೆ.

“ಐನ್‌ಸ್ಟೈನರು 1915ರಲ್ಲಿ ಕೊಟ್ಟ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೂ, 1925ರ ಸುಮಾರಿಗೆ ರೂಪುಗೊಂಡ ಕ್ವಾಂಟಮ್ ಸಿದ್ಧಾಂತಕ್ಕೂ ಇನ್ನೂ ಹೊಂದಿಕೆಯಾಗಿಲ್ಲ, ಅಪ್ಪ. ಅದು ಏಕೆಂದು ತಿಳಿಯಬೇಕು.”

“ನೂರು ವರ್ಷ ಘಟಾನುಘಟಿಗಳಿಗೇ ಬಗೆಹರಿಯದ ವ್ಯಾಜ್ಯಕ್ಕೆ ನೀನು ವಕಾಲತ್ತು ವಹಿಸುತ್ತೀಯಾ? ಯಾವುದೋ ಒಂದು ತಪ್ಪು. ಅದನ್ನು ಹೊಡೆದುಹಾಕಿದರಾಯಿತು!” ಎಂದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಭಾನುವಾರ ಬಾಡಿಗೆ ಕಾರಿನಲ್ಲಿ ರಾಮಟೇಕಿಗೆ ಹೊರಟೆವು. ಫೋನಿನ ನಕಾಶೆಯಲ್ಲಿ ನೀಲಿ ಚುಕ್ಕೆಯೊಂದು ನಮ್ಮ ಜೊತೆಗೇ ಸರಿಯುತ್ತಿತ್ತು. ಮಗಳೇ ಮೌನ ಮುರಿದಳು.

“ಅಪ್ಪ, ಈ ಚುಕ್ಕೆ ತಪ್ಪದೆ ಇರುವುದು ಯಾರ ಲೆಕ್ಕದಿಂದ ಗೊತ್ತೆ? ಜಿ.ಪಿ.ಎಸ್. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವುಗಳ ಮಿಡಿತ ಕ್ವಾಂಟಮ್ ಲೆಕ್ಕ. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತ ಸಡಿಲ, ಆದ್ದರಿಂದ ಅವು ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ವೇಗದ ದೆಸೆಯಿಂದ 7 ಹಿಂದೆ ಬೀಳುತ್ತವೆ. ಉಳಿಕೆ 38. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ದಾಟಿರುತ್ತದೆ! ಅದನ್ನು ಸರಿಪಡಿಸುವುದು ಸಾಪೇಕ್ಷತೆಯ ಲೆಕ್ಕ.”

ಜಮಾ-ಖರ್ಚಿನ ಮಾತು ಬಂದಾಗ ನನ್ನ ಕಿವಿ ನಿಮಿರಿತು. “ಹಾಗಾದರೆ ಜಗಳ ಎಲ್ಲಿ?”

“ಕಣವೊಂದು ಇಲ್ಲಿ-ಅಲ್ಲಿ ಎಂಬ ಎರಡು ಸ್ಥಿತಿಗಳ ಬೆರಕೆಯಲ್ಲಿ ಇರಬಲ್ಲದು ಎನ್ನುತ್ತದೆ ಕ್ವಾಂಟಮ್. ವಸ್ತು ಇದ್ದಲ್ಲಿ ದೇಶಕಾಲ ಬಾಗುತ್ತದೆ ಎನ್ನುತ್ತದೆ ಸಾಪೇಕ್ಷತೆ. ವಸ್ತುವೇ ಬೆರಕೆಯಲ್ಲಿದ್ದರೆ ದೇಶಕಾಲ ಎತ್ತ ಬಾಗಬೇಕು? ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ. ಕಪ್ಪುಕುಳಿಯ ಒಡಲಿನಲ್ಲಿ, ವಿಶ್ವದ ಮೊದಲ ಕ್ಷಣದಲ್ಲಿ ಈ ಉತ್ತರ ಇಲ್ಲದೆ ನಡೆಯುವುದಿಲ್ಲ.”

ಅಂದರೆ ಎರಡು ಖಾತೆಗಳೂ ತಮ್ಮ ತಮ್ಮ ರಶೀದಿಗಳಿಗೆ ಸರಿಯಾಗಿಯೇ ಇವೆ. ಎರಡನ್ನೂ ಸೇರಿಸಿ ಬರೆಯಬೇಕಾದ ಪುಟ ಮಾತ್ರ ಖಾಲಿ. ನನ್ನ ಮೂವತ್ತು ವರ್ಷದ ಚಟ ಇಲ್ಲಿ ಸೋತಿತು.

“ಆ ಪುಟ ತುಂಬುವವರೆಗೆ ನೀನು ಕಾಯುತ್ತೀಯಾ, ಮಗು?” ಎಂದೆ.

“ಬೆಂಗಳೂರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು, ಕದಡಿದ ಕಪ್ಪುಕುಳಿ ಬಡಿದ ಗಂಟೆಯ ಹಾಗೆ ಮಿಡಿದು ತಣ್ಣಗಾಗುತ್ತದೆಂದು 1970ರಲ್ಲಿ ಲೆಕ್ಕಹಾಕಿ ತೋರಿಸಿದರು. ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಅಲೆ ಉಪಕರಣಕ್ಕೆ ಸಿಕ್ಕಿದ್ದು 2015ರಲ್ಲಿ. 2017ರಲ್ಲಿ ತೀರಿಕೊಳ್ಳುವ ಮೊದಲು ಅವರು ಆ ಸುದ್ದಿ ಕೇಳಿದರು, ಅಪ್ಪ.”

ನಲವತ್ತೈದು ವರ್ಷ! ಇನ್ನೇನು ಹೇಳಲಿ? ಮನೆಗೆ ಬಂದು ಅವಳ ಅರ್ಜಿಗೆ ಸಹಿ ಹಾಕಿದೆ. “ಬ್ಯಾಂಕಿನದನ್ನೂ ಒಂದು ತುಂಬಿಸಿಡು” ಎಂದೆ. ನಕ್ಕಳು, ತುಂಬಲಿಲ್ಲ.