ನಡುವಿನ ಊರು

ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಸುಮಾರು 310 ಕಿಲೋಮೀಟರ್, ಪುಣೆಯಿಂದ ಸುಮಾರು 250. ಎರಡು ವರ್ಷಗಳಿಂದ ನಮ್ಮ ಸಂಸಾರ ಈ ರೈಲು ದಾರಿಯ ಎರಡು ತುದಿಗಳಲ್ಲಿದೆ. ನಾನು, ಮಗಳು ಹೈದರಾಬಾದಿನಲ್ಲಿ. ಬ್ಯಾಂಕಿನಲ್ಲಿ ಬಡ್ತಿಯ ಜತೆಗೆ ವರ್ಗವನ್ನೂ ಪಡೆದ ನಮ್ಮವರು ಪುಣೆಯಲ್ಲಿ. ಹದಿನೇಳನೇ ಮದುವೆ ವಾರ್ಷಿಕೋತ್ಸವ ಈ ಸಲ ಶನಿವಾರ ಬಿತ್ತು. ಅವರು ಇಲ್ಲಿಗೆ ಬಂದರೆ ಗೀಸರ್ ರಿಪೇರಿ, ಸೊಸೈಟಿ ಮೀಟಿಂಗು. ನಾನು ಅಲ್ಲಿಗೆ ಹೋದರೆ ಅವರ ಅಡುಗೆಮನೆಯ ಡಬ್ಬಿಗಳನ್ನು ತಿಕ್ಕಿ ತೊಳೆಯುವುದರಲ್ಲೇ ಭಾನುವಾರ ಮುಗಿಯುತ್ತದೆ. ಅದಕ್ಕೇ ಇಬ್ಬರೂ ಸೊಲ್ಲಾಪುರದಲ್ಲಿ ಇಳಿದು, ಅಲ್ಲಿಂದ ನೂರು ಕಿಲೋಮೀಟರ್ ದಕ್ಷಿಣಕ್ಕಿರುವ ಬಿಜಾಪುರಕ್ಕೆ ಹೋಗೋಣ ಎಂದು ತೀರ್ಮಾನವಾಯಿತು. ಮಗಳನ್ನು ನೋಡಿಕೊಳ್ಳಲು ಶಿವಮೊಗ್ಗದಿಂದ ಅಮ್ಮ ಬಂದಳು.

"ಆ್ಯನಿವರ್ಸರಿಗೆ ಯಾರಾದ್ರೂ ಗೋರಿ ನೋಡೋಕೆ ಹೋಗ್ತಾರಾ ಮೇಡಂ?" ಎಂದು ನಮ್ಮ ಟೀಮಿನ ಹಾಸನದ ಹುಡುಗಿ ನಕ್ಕಳು. ಮದುವೆಯಾಗಿ ಎರಡು ವರ್ಷ ಆಗಿದೆ ಅವಳಿಗೆ, ನಗಲಿ.

ನಮ್ಮ ಫೋನಿನ ವಿಷಯ ಹೇಳಬೇಕು. ದಿನಾ ರಾತ್ರಿ ಒಂಬತ್ತೂವರೆಗೆ ಕಾಲ್. ಶುರುವಿನಲ್ಲಿ ಒಂದು ಗಂಟೆ ನಡೆಯುತ್ತಿತ್ತು. ಈಗ ಹನ್ನೆರಡು ನಿಮಿಷ. ಮಗಳ ಫೀಸು, ಇಎಂಐ, ಮಾವನವರ ಶುಗರ್, ಗ್ಯಾಸ್ ಸಿಲಿಂಡರ್. ಹಗಲೆಲ್ಲ ಆಫೀಸಿನಲ್ಲಿ ಸ್ಟೇಟಸ್ ಕಾಲ್ ನಡೆಸುವವಳು ನಾನು. ರಾತ್ರಿಯದೂ ಅಂಥದ್ದೇ ಆಗಿದೆ ಎಂದು ಗೊತ್ತಾಗಲು ಎಂಟೆಕ್ ಬೇಕಿಲ್ಲ. ಜಗಳವೂ ಇಲ್ಲ. ಜಗಳಕ್ಕಾದರೂ ಅರ್ಧ ಗಂಟೆ ಬೇಕಲ್ಲ! ನನಗೆ ಕೇಳಬೇಕಾದ ಪ್ರಶ್ನೆ ಒಂದಿತ್ತು. ಎಷ್ಟೋ ತಿಂಗಳಿಂದ ಅದು ಆ ಹನ್ನೆರಡು ನಿಮಿಷದೊಳಗೆ ಹಿಡಿಸಿರಲಿಲ್ಲ.

ಸೊಲ್ಲಾಪುರದ ಬಸ್ಸು ಭೀಮಾ ಹೊಳೆ ದಾಟುತ್ತಿದ್ದಂತೆ ಬೋರ್ಡುಗಳೆಲ್ಲ ಕನ್ನಡಕ್ಕೆ ತಿರುಗಿದವು. ಅಷ್ಟು ಹೊತ್ತು ತೂಕಡಿಸುತ್ತಿದ್ದ ನಮ್ಮವರು ಎದ್ದು ಕೂತರು. ಧಾರವಾಡದವರು, ಪುಣೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷು ಮಾತಾಡಿ ನಾಲಿಗೆ ದಣಿದಿತ್ತೋ ಏನೋ, ಕಂಡಕ್ಟರ್ ಜತೆ ಮಳಿ-ಬೆಳಿ ಮಾತು ಶುರುವಾಯಿತು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆ ಮೊಸರು. ಬಡಿಸುತ್ತಿದ್ದ ಹೆಂಗಸು "ಇನ್ನೊಂದು ಹಾಕ್ಕೋರಿ ಅಕ್ಕಾರ, ಸಣ್ಣಾಗೀರಿ" ಎಂದಾಗ, ನನ್ನನ್ನು ಸಣ್ಣ ಎಂದವರನ್ನು ಬಹಳ ವರ್ಷಗಳ ಮೇಲೆ ಕಂಡಂತಾಗಿ ನಾಲ್ಕನೇ ರೊಟ್ಟಿ ತಿಂದೆ.

ಸಂಜೆ ಇಬ್ರಾಹಿಂ ರೋಜಾ. ಒಂದೇ ಜಗಲಿಯ ಮೇಲೆ ಎದುರು-ಬದುರು ಗೋರಿ ಮತ್ತು ಮಸೀದಿ, ನಡುವೆ ನೀರಿನ ತೊಟ್ಟಿ. ಕಿಟಕಿಯ ಕಲ್ಲಿನಲ್ಲಿ ಅಕ್ಷರಗಳನ್ನೇ ಜಾಲರಿಯಂತೆ ಕೊರೆದಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬೀಳುತ್ತದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ರಾಣಿ ತಾಜ್ ಸುಲ್ತಾನಾಳಿಗೆಂದು ಶುರುವಾದ ಗೋರಿ ಇದು. ಆದರೆ 1627ರಲ್ಲಿ ಮೊದಲು ತೀರಿಕೊಂಡವನು ರಾಜನೇ. ಈಗ ಇಬ್ಬರೂ ಅಲ್ಲೇ ಇದ್ದಾರೆ. "ನೋಡು, ಟ್ರಾನ್ಸ್‌ಫರ್ ಇಲ್ಲದ ಪೋಸ್ಟಿಂಗ್" ಎಂದರು ನಮ್ಮವರು. ಬ್ಯಾಂಕಿನವರ ಜೋಕು. ನಾನು ನಕ್ಕೆ, ಆದರೆ ಆಮೇಲೆ ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಬರಲಿಲ್ಲ.

ಗೋಲ್ ಗುಂಬಜಿಗೆ ಭಾನುವಾರ ಬೆಳಿಗ್ಗೆ ಬೇಗನೆ ಹೋದೆವು. ತಡವಾದರೆ ಶಾಲಾ ಪ್ರವಾಸದ ಮಕ್ಕಳು ಕೂಗಿ ಕೂಗಿ ಗುಂಬಜನ್ನೇ ಮೀನು ಮಾರುಕಟ್ಟೆ ಮಾಡಿಬಿಡುತ್ತಾರೆ ಎಂದು ಲಾಡ್ಜಿನವರು ಎಚ್ಚರಿಸಿದ್ದರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹಿಯ ಗೋರಿ. ಹೊರಗಿನಿಂದ ಅಳೆದರೆ ಗುಮ್ಮಟದ ಅಡ್ಡಳತೆ ಸುಮಾರು 44 ಮೀಟರ್, ಒಳಗೆ ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳು ಅಷ್ಟೂ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಮೂಲೆಯ ಏಳಂತಸ್ತಿನ ಗೋಪುರದ ಇಕ್ಕಟ್ಟು ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಮಾತಾಡಿತು. ನಮ್ಮವರು ಪ್ರತಿ ಅಂತಸ್ತಿನಲ್ಲೂ ನಿಂತು "ನೋಟ ಚಲೋ ಐತಿ" ಎನ್ನುತ್ತ ಏದುಸಿರು ಮುಚ್ಚಿಕೊಳ್ಳುತ್ತಿದ್ದರು.

ಮೇಲಿನ ಪಿಸುಮಾತಿನ ಗ್ಯಾಲರಿಯ ಬಗ್ಗೆ ನಾನು ಓದಿಕೊಂಡಿದ್ದೆ. ಎಂಟೆಕ್‌ನಲ್ಲಿ ನನ್ನದು ಸಿಗ್ನಲ್ ಪ್ರೊಸೆಸಿಂಗ್. ಬಾಗಿದ ನುಣುಪು ಗೋಡೆಯ ಪಕ್ಕ ಪಿಸುಗುಟ್ಟಿದರೆ ದನಿ ನಡುವಿನ ಬಯಲಿಗೆ ಚದುರದೆ ಗೋಡೆಯನ್ನೇ ಹಿಡಿದುಕೊಂಡು ಸುತ್ತಿ ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲಿನ ಇಂಥದೇ ಗ್ಯಾಲರಿಯನ್ನು ಲಾರ್ಡ್ ರ್‍ಯಾಲೆ ಹೀಗೆ ವಿವರಿಸಿದ್ದ. ಇದನ್ನೆಲ್ಲ ಅವರಿಗೆ ಹೇಳಿ, ಆಚೆ ಬದಿಗೆ ಹೋಗಿ ಗೋಡೆಗೆ ಕಿವಿ ಕೊಡಿ ಎಂದೆ. ಅವರು ಅರ್ಧ ಸುತ್ತು ನಡೆದು ಹೋಗಿ ನಿಂತರು. ಅಷ್ಟು ದೂರದಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನಡುವೆ ಆಳದಲ್ಲಿ ರಾಜನ ಗೋರಿ.

"ಕೇಳ್ತಾ ಇದೆಯಾ?" ಎಂದೆ.

"ಮಗ್ಗಲದಾಗ ನಿಂತಂಗ ಐತಿ."

ಮುಂದಿನದನ್ನು ಮುಂಚೆಯೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. ಗೋಡೆ ಕಡೆ ಮುಖ ಮಾಡಿ, "ಒಬ್ಬರೇ ಇರೋದು ನಿಮಗೆ ರೂಢಿಯಾಗಿಬಿಟ್ಟಿದೆಯಾ?" ಎಂದುಬಿಟ್ಟೆ.

ಗೋಡೆ ಸುಮ್ಮನಿತ್ತು. ಕೇಳಿಸಲಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ದನಿ ಬಂತು. "ಹೂಂ, ಆಗೇದ. ಅದಕ್ಕ ಅಂಜಿಕಿ ಬರ್ಲಿಕ್ಕತ್ತದ." ಒಂದು ಉಸಿರಿನ ಬಳಿಕ, "ನಿನಗ?"

ಮಂಚದ ಅವರ ಬದಿಯಲ್ಲಿ ಈಗ ನನ್ನ ಲ್ಯಾಪ್‌ಟಾಪು, ಇಸ್ತ್ರಿಯ ಬಟ್ಟೆ ಇರುತ್ತವೆ. ಅವರು ಬರುವ ಶುಕ್ರವಾರ ಅದನ್ನೆಲ್ಲ ತೆಗೆಯುವಾಗ ಒಂದು ಸಣ್ಣ ಕಿರಿಕಿರಿಯಾಗುತ್ತದೆ. ಅದನ್ನೇ ಹೇಳಿದೆ. ಅಷ್ಟರಲ್ಲಿ ಕೆಳಗಿನಿಂದ ಮಕ್ಕಳ ದಂಡು ಹತ್ತಿ ಬಂತು. ಯಾವನೋ ಒಬ್ಬ "ಓ..." ಎಂದು ಊಳಿಟ್ಟ. ಗುಮ್ಮಟ ಅದನ್ನೇ ಮತ್ತೆ ಮತ್ತೆ ಹಿಂದಿರುಗಿಸಿತು.

ಕೆಳಗಿಳಿದು ಹುಲ್ಲಿನ ಮೇಲೆ ಎರಡು ಗಂಟೆ ಕೂತೆವು. ಮೃದುವಾದ ಮಾತುಕತೆ ಎಂದೇನೂ ಅಂದುಕೊಳ್ಳಬೇಡಿ, ಚೆನ್ನಾಗಿ ಜಗಳವಾಯಿತು. ಮುಂದಿನ ಬಡ್ತಿ ಪರೀಕ್ಷೆಗೆ ಕೂರುವುದಿಲ್ಲ, ವರ್ಗ ಕೇಳುತ್ತೇನೆ ಎಂದರು ಅವರು. ನನಗೋಸ್ಕರ ಬಿಟ್ಟೆ ಅಂತ ಆಮೇಲೆ ಹೇಳಿಸಿಕೊಳ್ಳೋಕೆ ನಾನು ತಯಾರಿಲ್ಲ, ನಮ್ಮ ಕಂಪನಿಗೆ ಹಿಂಜವಡಿಯಲ್ಲೂ ಆಫೀಸಿದೆ, ನಾನೇ ಕೇಳ್ತೀನಿ ಎಂದೆ. "ಹದಿನೈದು ಮಂದಿ ಟೀಮ್ ಕಟ್ಟೀಯಲ್ಲ, ಅದನ್ನ ಬಿಟ್ಟು ಬಂದು ಅಲ್ಲಿ ಏನು ಮಾಡ್ತಿ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇವತ್ತಿಗೂ ಇಲ್ಲ. ಎರಡು ವರ್ಷ ನಾವು ಇದನ್ನು ಮಾತಾಡದೆ ಇದ್ದದ್ದು ಪುರುಸೊತ್ತಿಲ್ಲದ್ದಕ್ಕಲ್ಲ, ಮಾತಾಡಿದರೆ ಇಬ್ಬರಲ್ಲೊಬ್ಬರು ಏನನ್ನಾದರೂ ಕಳೆದುಕೊಳ್ಳಲೇಬೇಕು ಎಂದು ಗೊತ್ತಿದ್ದದ್ದಕ್ಕೆ.

ಕಡೆಗೆ ಇಬ್ಬರೂ ಕೇಳುವುದು ಎಂದಾಯಿತು. ಅವರು ಮಂಗಳವಾರ ಅರ್ಜಿ ಕಳಿಸಿದರು. ನಾನು ಬುಧವಾರ ನಮ್ಮ ಡೆಲಿವರಿ ಹೆಡ್ ಹತ್ತಿರ ಮಾತಾಡಿದೆ. ಯಾರದ್ದು ಮೊದಲು ಮಂಜೂರಾಗುತ್ತದೋ ಅವರು ಹೊರಡುವುದು. ಹತ್ತನೇ ಕ್ಲಾಸಿನ ಮಗಳಿಗೆ ಹೇಳಿದಾಗ, "ಏನೇ ಮಾಡಿ, ಕಾಲೇಜ್ ಅಡ್ಮಿಷನ್ ಒಳಗೆ ಹೇಳಿ" ಎಂದು ಡೆಡ್‌ಲೈನ್ ಕೊಟ್ಟಿದ್ದಾಳೆ.